ಬೆಟ್ಟದ ಪೀಟಿಗೆ ರಷ್ಯನ್ ಕೋರರ್: ಮೂರು ಹಂಗಾಮು ಬಳಸಿ ನೋಡಿದ್ದು

ಉದ್ದಕ್ಕೆ ಸೀಳಿದಂಥ ಒಂದು ಸ್ಟೀಲ್ ಅರೆಕೊಳವೆ, ಅರ್ಧ ಮೀಟರ್ ಉದ್ದ. ಅದಕ್ಕೆ ಕೀಲು ಹಾಕಿ ಕೂರಿಸಿದ ಚಪ್ಪಟೆ ರೆಕ್ಕೆ. ಕೆಳಗೆ ಚೂಪು ಮೂತಿ. ಮೇಲೆ ಒಂದಕ್ಕೊಂದು ಸೇರಿಸುವ ಒಂದೊಂದು ಮೀಟರಿನ ರಾಡುಗಳು, ತುದಿಗೆ ಅಡ್ಡ ಹಿಡಿ. ಜೌಗಿನ ಪೀಟನ್ನು, ಅಂದರೆ ಅರೆಕೊಳೆತ ಗಿಡಗಳ ರಾಶಿಯನ್ನು, ಪದರ ಕೆಡದಂತೆ ತುಂಡುತುಂಡಾಗಿ ಮೇಲೆತ್ತುವ ರಷ್ಯನ್ ಕೋರರ್ ಅಂದರೆ ಇಷ್ಟೇ. ಮೋಟಾರ್ ಇಲ್ಲ, ಬ್ಯಾಟರಿ ಇಲ್ಲ. ಇದನ್ನು ಹೊತ್ತುಕೊಂಡು ಮೂರು ಹಂಗಾಮು ಬೆಟ್ಟದ ಮೇಲಿನ ಪೀಟ್ ಜೌಗುಗಳಲ್ಲಿ ಕೆಲಸ ಮಾಡಿದ್ದೇನೆ.

ತೆಗೆದುಕೊಳ್ಳಬಹುದಾ ಅಂತ ಕೇಳುವವರಿಗೆ ಮೊದಲೇ ಹೇಳುತ್ತೇನೆ. ಪೀಟಿನೊಳಗೆ ಯಾವ ಕಾಲದಲ್ಲಿ ಎಷ್ಟು ಇಂಗಾಲ ಸೇರಿತು ಅನ್ನುವ ಲೆಕ್ಕ ನಿಮಗೆ ಬೇಕಿದ್ದರೆ, ಕೈಯಲ್ಲಿ ನಡೆಸುವ ಉಪಕರಣಗಳ ಪೈಕಿ ನನಗೆ ಇದಕ್ಕಿಂತ ಒಳ್ಳೆಯದು ಸಿಕ್ಕಿಲ್ಲ. ಆದರೆ ಅರೆಕೊಳವೆಯ ಒಳಅಳತೆಯನ್ನು ನೀವೇ ಅಳೆದು ಬರೆದುಕೊಳ್ಳುವ ತನಕ ಒಂದು ತುಂಡನ್ನೂ ತೂಗಬೇಡಿ. ಆ ತಪ್ಪಿಗೆ ನಾವು ಒಂದು ಇಡೀ ಹಂಗಾಮಿನ ಲೆಕ್ಕವನ್ನು ಮತ್ತೆ ಮಾಡಬೇಕಾಯಿತು.

ಪೀಟ್ ಅಂದರೆ ಪೂರ್ತಿ ಕೊಳೆಯದೆ ಉಳಿದ ಗಿಡಗಳ ರಾಶಿ. ನೀರು ನಿಂತ ಜಾಗದಲ್ಲಿ ಪಾಚಿ, ಜೊಂಡು, ಹುಲ್ಲು ಬೆಳೆದು ಸತ್ತು ಅಲ್ಲೇ ಬೀಳುತ್ತವೆ. ನೀರಿನ ಅಡಿಯಲ್ಲಿ ಗಾಳಿ ಸಾಲದು, ಕೊಳೆಸುವ ಜೀವಿಗಳ ಕೆಲಸ ಸಾಗುವುದಿಲ್ಲ. ಹಾಗಾಗಿ ವರ್ಷಕ್ಕೆ ಒಂದು ಮಿಲಿಮೀಟರ್, ಎಷ್ಟೋ ಕಡೆ ಅದರ ಅರ್ಧ, ಪದರದ ಮೇಲೆ ಪದರ ಏರುತ್ತಾ ಹೋಗುತ್ತದೆ. ಭೂಮಿಯ ನೆಲದಲ್ಲಿ ಪೀಟ್ ಇರುವುದು ಸುಮಾರು 3% ಜಾಗದಲ್ಲಿ ಮಾತ್ರ. ಆದರೂ ಜಗತ್ತಿನ ಎಲ್ಲ ಕಾಡುಗಳ ಮರಗಿಡಗಳು ಸೇರಿ ಹಿಡಿದಿಟ್ಟಿರುವುದಕ್ಕಿಂತ ಜಾಸ್ತಿ ಇಂಗಾಲ ಅದರೊಳಗಿದೆ.

ಬೆಟ್ಟದ ಪೀಟ್ ಜೌಗುಗಳು ಸಾಮಾನ್ಯವಾಗಿ ಚಿಕ್ಕವು. ಬಟ್ಟಲಿನಂಥ ತಗ್ಗಿನಲ್ಲಿ, ಒರತೆ ಜಿನುಗುವ ಇಳಿಜಾರಿನಲ್ಲಿ, ಹಿಂದೆ ಹಿಮನದಿ ಕೊರೆದು ಬಿಟ್ಟ ಕುಳಿಯಲ್ಲಿ ಇರುತ್ತವೆ. ಮಳೆ, ಮಂಜು, ಕರಗಿದ ಹಿಮ, ಒರತೆ, ಇವೇ ಅವಕ್ಕೆ ನೀರು. ಇಳಿಜಾರು ಜಾಗವಾದ್ದರಿಂದ ನೀರು ಹರಿದುಹೋಗಲು ದಾರಿ ಯಾವಾಗಲೂ ಇದ್ದೇ ಇರುತ್ತದೆ. ಬರುವ ನೀರು ಕಡಿಮೆಯಾದರೆ ಜೌಗು ಬೇಗ ಒಣಗುತ್ತದೆ. ಆದ್ದರಿಂದ ಹಳೆಯ ಹವಾಮಾನದ ಗುರುತು ಅಲ್ಲಿ ಎದ್ದು ಕಾಣುತ್ತದೆ. ನನಗೆ ಬೆಟ್ಟದ ಪೀಟ್ ಇಷ್ಟವಾಗಿದ್ದು ಇದೇ ಕಾರಣಕ್ಕೆ.

ಈಗ ಕೋರರ್ ಕೆಲಸ ಮಾಡುವ ಬಗೆ. ಅರೆಕೊಳವೆಯನ್ನು ರೆಕ್ಕೆಯ ಒಂದು ಬದಿಗೆ ಮುಚ್ಚಿಟ್ಟು, ಬೇಕಾದ ಆಳಕ್ಕೆ ನೇರವಾಗಿ ಒತ್ತುತ್ತೇವೆ. ಒತ್ತುವಾಗ ಒಳಗೆ ಏನೂ ತುಂಬಿಕೊಳ್ಳುವುದಿಲ್ಲ. ಆಳ ಮುಟ್ಟಿದ ಮೇಲೆ ಹಿಡಿಯನ್ನು ಅರ್ಧ ಸುತ್ತು, ಅಂದರೆ 180 ಡಿಗ್ರಿ, ತಿರುಗಿಸುತ್ತೇವೆ. ರೆಕ್ಕೆ ಪೀಟಿನಲ್ಲಿ ಕಚ್ಚಿ ನಿಂತಿರುತ್ತದೆ, ಅಲುಗುವುದಿಲ್ಲ. ಅರೆಕೊಳವೆಯ ಹರಿತ ಅಂಚು ಮಾತ್ರ ತಿರುಗಿ, ರೆಕ್ಕೆಯ ಇನ್ನೊಂದು ಬದಿಯಲ್ಲಿದ್ದ ಪೀಟನ್ನು ಇದ್ದ ಹಾಗೇ ಕತ್ತರಿಸಿ ಮುಚ್ಚಿಕೊಳ್ಳುತ್ತದೆ. ಮೇಲೆತ್ತಿ ಮಲಗಿಸಿ ಹಿಂದಕ್ಕೆ ತಿರುಗಿಸಿದರೆ, ರೆಕ್ಕೆಯ ಮೇಲೆ ಅರ್ಧ ಮೀಟರಿನ ಪೀಟಿನ ತುಂಡು, ಅಂದರೆ ಕೋರ್, ನೀಟಾಗಿ ಮಲಗಿರುತ್ತದೆ. ಈ ಮಾದರಿಯ ಸುಧಾರಿಸಿದ ರೂಪವನ್ನು 1966ರಲ್ಲಿ ಪಿ. ಸಿ. ಜೌಸಿ ಅನ್ನುವವರು ಒಂದು ಸಸ್ಯವಿಜ್ಞಾನ ಪತ್ರಿಕೆಯಲ್ಲಿ ವಿವರಿಸಿದ್ದರು. ಈಗ ಸಿಗುವ ಕೋರರ್‌ಗಳ ಕೆಲಸದ ರೀತಿ ಹೆಚ್ಚುಕಮ್ಮಿ ಅದೇ.

ಇದಕ್ಕೂ ಮೊದಲು ನಾನು ಬಳಸಿದ್ದು ತೆರೆದ ಬಾಯಿಯ ಗೌಜ್ ಆಗರ್, ಅಂದರೆ ನೆಲಕ್ಕೆ ಒತ್ತಿ ತುಂಡು ತೆಗೆಯುವ, ಒಂದು ಬದಿ ತೆರೆದ ಕೊಳವೆ. ಅದು ಹಗುರ, ಆಳ ನೋಡಲು ಚೆನ್ನ. ಆದರೆ ಒತ್ತುತ್ತಾ ಹೋದಂತೆ ಮೇಲಿನ ಪೀಟ್ ಕೆಳಗಿನದಕ್ಕೆ ಮೆತ್ತಿಕೊಳ್ಳುತ್ತದೆ. ಪೀಟ್ ಅದುಮಿ ಗಿಡ್ಡವೂ ಆಗುತ್ತದೆ. ಎರಡು ಮೀಟರ್ ಆಳದ ಪೀಟಿನಲ್ಲಿ ಎರಡು ಬೆರಳು ಅಗಲದಷ್ಟು ಜಾಗ ಕಲಸಿಹೋದರೂ ಹಲವು ದಶಕ ಕಲಸಿಹೋದ ಹಾಗೆ, ಅಲ್ವಾ?

ರಷ್ಯನ್ ಕೋರರ್‌ನಲ್ಲಿ ನಾವು ತೆಗೆದ ಮೊದಲ ಪೂರ್ತಿ ಸರಣಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಆರು ತುಂಡುಗಳನ್ನು ಸೀಳಿದ ಪಿವಿಸಿ ಪೈಪುಗಳಿಗೆ ಜಾರಿಸಿ ಸಾಲಾಗಿ ಇಟ್ಟಿದ್ದೆವು. ಮೇಲಿನದು ಕಂದು, ನಾರುನಾರು. ಪಾಚಿಯ ಎಲೆಗಳು ಹಾಗೇ ಕಾಣುತ್ತಿದ್ದವು. ನಾಲ್ಕನೇ ತುಂಡಿನ ನಡುವೆ ಒಮ್ಮೆಗೇ ಕಪ್ಪು. ಅಂಗೈ ಅಗಲದಷ್ಟು ಪಟ್ಟಿ, ಎಣ್ಣೆ ಸವರಿದಂತೆ ಹೊಳಪು. ಅದರ ಕೆಳಗೆ ಮತ್ತೆ ಕಂದು. ಕಪ್ಪು ಕಂಡ ಕೂಡಲೇ ನಾನು, "ಇಲ್ಲೇ ಇಂಗಾಲ ಜಾಸ್ತಿ ಇದೆ ಮೇಡಂ" ಅಂದೆ. ನಮ್ಮ ಜೊತೆಗಿದ್ದ ಮೇಡಂ ತಲೆ ಅಲ್ಲಾಡಿಸಿದರು. "ಬಣ್ಣ ನೋಡಿ ಹೇಳಬೇಡ. ಹಿಂಡಿ ನೋಡು."

ಹಿಂಡುವುದಕ್ಕೂ ಒಂದು ಅಳತೆ ಇದೆ. ಸ್ವೀಡನ್ನಿನ ಲೆನ್ನಾರ್ಟ್ ಫಾನ್ ಪೋಸ್ಟ್ 1920ರ ದಶಕದಲ್ಲಿ ಮಾಡಿಕೊಟ್ಟದ್ದು, 1ರಿಂದ 10ರವರೆಗೆ. ಹಸಿ ಪೀಟನ್ನು ಮುಷ್ಟಿಯಲ್ಲಿ ಹಿಂಡಿದಾಗ ತಿಳಿನೀರು ಮಾತ್ರ ಬಂದರೆ 1. ಅಂದರೆ ಗಿಡ ಕೊಳೆತೇ ಇಲ್ಲ. ಪೀಟೆಲ್ಲ ಬೆರಳ ಸಂದಿಯಿಂದ ಜಾರಿಹೋಗಿ ಕೈ ಖಾಲಿಯಾದರೆ 10. ನಮ್ಮ ಕಂದು ಭಾಗದಿಂದ ಬಗ್ಗಡ ನೀರು ಬಂತು, ನಾರು ಕೈಯಲ್ಲೇ ಉಳಿಯಿತು. ಕಪ್ಪು ಪಟ್ಟಿಯಿಂದ ಚಿಟಿಕೆಯಷ್ಟು ತೆಗೆದು ಹಿಂಡಿದರೆ ಅರ್ಧ ಹೊರಗೆ ಬಂತು. ನೋಟ್‌ಬುಕ್ಕಿನಲ್ಲಿ 7 ಅಂತ ಬರೆದೆ. ಅಷ್ಟು ಕೊಳೆತಿದೆ ಅಂದರೆ ಆ ಕಾಲದಲ್ಲಿ ನೀರು ಕೆಳಗಿಳಿದು ಗಾಳಿ ಒಳಗೆ ಹೊಕ್ಕಿತ್ತು. ಅದೊಂದು ಒಣ ಕಾಲ.

ಪೀಟಿನ ಕಪ್ಪು, ಕಂದು ಪದರಗಳನ್ನು ಒಣ ಕಾಲ, ತೇವದ ಕಾಲ ಅಂತ ಓದುವುದು ಹಳೆಯ ವಿದ್ಯೆ. ನಾರ್ವೆಯ ಆಕ್ಸೆಲ್ ಬ್ಲಿಟ್ 1876ರಲ್ಲೇ ಈ ದಾರಿ ಹಿಡಿದಿದ್ದರು. ಸ್ವೀಡನ್ನಿನ ರುಟ್ಗರ್ ಸೆರ್ನಾಂಡರ್ ಅದನ್ನು ಮುಂದುವರಿಸಿದರು. ಅವರ ಕಾಲದಲ್ಲಿ ಪದರದ ವಯಸ್ಸು ನೇರವಾಗಿ ತಿಳಿಯುವ ದಾರಿ ಇರಲಿಲ್ಲ. ರೇಡಿಯೋಕಾರ್ಬನ್ ವಿಧಾನ ಬಂದದ್ದು 1940ರ ದಶಕದ ಕೊನೆಯಲ್ಲಿ. ಬಣ್ಣ, ವಯಸ್ಸು, ತೂಕ, ಈ ಮೂರೂ ಒಂದೇ ತುಂಡಿನಿಂದ ಸಿಕ್ಕಿದರೆ ಮಾತ್ರ ಇಂಗಾಲದ ಜಮಾ ಖರ್ಚು ಬರೆಯಲು ಬರುತ್ತದೆ. ರಷ್ಯನ್ ಕೋರರ್‌ನ ಬೆಲೆ ಇರುವುದು ಅಲ್ಲಿ.

ಲೆಕ್ಕ ಹೀಗೆ. ನಮ್ಮದು 5 ಸೆಂ.ಮೀ. ವ್ಯಾಸದ ಅರೆಕೊಳವೆ. ಒಂದು ಸೆಂ.ಮೀ. ದಪ್ಪದ ಬಿಲ್ಲೆ ಕತ್ತರಿಸಿದರೆ ಅದು 9.8 ಘನ ಸೆಂ.ಮೀ. ಅದನ್ನು ಒಣಗಿಸಿ ತೂಗುತ್ತೇವೆ. ಆಮೇಲೆ 550 ಡಿಗ್ರಿ ಸೆಲ್ಸಿಯಸ್ ಕುಲುಮೆಯಲ್ಲಿ ಸುಟ್ಟು, ಸುಟ್ಟುಹೋದದ್ದೆಷ್ಟು, ಬೂದಿ ಎಷ್ಟು ಅಂತ ನೋಡುತ್ತೇವೆ. ಸುಟ್ಟುಹೋದ ಭಾಗದಲ್ಲಿ ಹೆಚ್ಚುಕಮ್ಮಿ ಅರ್ಧ ಇಂಗಾಲ. ಬೆಟ್ಟದಲ್ಲಿ ಈ ಬೂದಿಯ ಲೆಕ್ಕ ಬಿಡುವಂತೆಯೇ ಇಲ್ಲ. ಮೇಲಿನ ಇಳಿಜಾರಿನಿಂದ ಮಣ್ಣು, ಮರಳು ಕೊಚ್ಚಿ ಬಂದು ಪೀಟಿಗೆ ಸೇರಿರುತ್ತದೆ. ತೂಕ ಜಾಸ್ತಿ ಬಂತು ಅಂತ ಖುಷಿಪಟ್ಟರೆ ಅದು ಬರೀ ಮಣ್ಣಿನ ತೂಕವಾಗಿರಬಹುದು.

ಕಪ್ಪು ಪಟ್ಟಿಯ ವಿಚಾರ ನನಗೆ ಅರ್ಥವಾದದ್ದು ಈ ಲೆಕ್ಕ ಬರೆದಾಗ. ಉದಾಹರಣೆಗೆ, ಮಣ್ಣು ಬೆರೆಯದ ಕಂದು ಪೀಟ್ ಘನ ಸೆಂ.ಮೀ.ಗೆ 0.1 ಗ್ರಾಂ ಒಣ ತೂಕ ಇದೆ ಅಂದುಕೊಳ್ಳಿ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಸೆಂ.ಮೀ. ಪದರಕ್ಕೆ 500 ಗ್ರಾಂ ಇಂಗಾಲ. ಆ ಪದರ 20 ವರ್ಷದಲ್ಲಿ ಆಗಿದ್ದರೆ ವರ್ಷಕ್ಕೆ 25 ಗ್ರಾಂ ಜಮಾ. ಕಪ್ಪು ಪೀಟ್ ಒತ್ತಾಗಿರುತ್ತದೆ. ಅದು 0.15 ಗ್ರಾಂ ಇದ್ದರೆ ಸೆಂ.ಮೀ.ಗೆ 750 ಗ್ರಾಂ ಇಂಗಾಲ. ಇಲ್ಲಿಗೆ ನಾನು ಹೇಳಿದ್ದೇ ಸರಿ ಅನ್ನಿಸುತ್ತದೆ. ಆದರೆ ಆ ಒಂದು ಸೆಂ.ಮೀ.ಗೆ 75 ವರ್ಷ ಹಿಡಿದಿದ್ದರೆ? ವರ್ಷಕ್ಕೆ ಬರೀ 10 ಗ್ರಾಂ. ಕಪ್ಪಗೆ ಮಂದವಾಗಿ ಕಂಡದ್ದು ಹಲವು ವರ್ಷಗಳ ಗಿಡ ಕೊಳೆತು, ಇಂಗಾಲ ಗಾಳಿಗೆ ಹೋಗಿ, ಕೊನೆಗೆ ಉಳಿದ ಗಸಿ. ಇನ್ನೊಂದು ಮಾತು: ಒಣ ಕಾಲ ತನ್ನ ಕಾಲದ ಗಿಡವನ್ನು ಮಾತ್ರ ತಿನ್ನುವುದಿಲ್ಲ. ನೀರು ಇಳಿದಷ್ಟು ಆಳಕ್ಕೂ ಗಾಳಿ ಹೋಗುತ್ತದೆ. ಅದಕ್ಕೂ ಮುಂಚೆ, ತೇವದ ವರ್ಷಗಳಲ್ಲಿ ಕೂಡಿಟ್ಟದ್ದೂ ಕರಗುತ್ತದೆ. ಹಾಗಾಗಿ ಪಟ್ಟಿಯ ದಪ್ಪ ನೋಡಿ ಬರ ಇಷ್ಟು ವರ್ಷ ಇತ್ತು ಅಂತ ಹೇಳಲು ಬರುವುದಿಲ್ಲ.

ಈಗ ಅಳತೆಯ ದೂರು. ನಮ್ಮ ಮೊದಲ ಕೋರರ್‌ನ ಪೆಟ್ಟಿಗೆಯ ಮೇಲೆ ವ್ಯಾಸ 5 ಸೆಂ.ಮೀ. ಅಂತ ಇತ್ತು. ನಂಬಿದೆವು. ಎರಡನೇ ಹಂಗಾಮಿಗೆ ಹೊರಡುವ ಮುಂಚೆ ನಮ್ಮ ತಂಡದ ಹುಡುಗ ವರ್ನಿಯರ್ ಹಿಡಿದು ಸುಮ್ನೆ ಅಳೆದ. "ಅಕ್ಕ, ಇದು 4.8 ಬರ್ತಾ ಇದೆ" ಅಂದ. ಮೂರು ಕಡೆ ಅಳೆದೆವು, ಮೂರೂ ಕಡೆ 4.8. ಎರಡು ಮಿಲಿಮೀಟರ್ ತಾನೇ ಅನ್ನಿಸಬಹುದು. ಗಾತ್ರದಲ್ಲಿ ಅದು ಸುಮಾರು 8%. ತುಂಡು ನಾವು ಅಂದುಕೊಂಡದ್ದಕ್ಕಿಂತ ಚಿಕ್ಕದು, ಹಾಗಾಗಿ ಇಂಗಾಲವೂ ಅಷ್ಟೇ ಕಡಿಮೆ ಕಂಡಿತ್ತು. ಒಂದೇ ಕೋರ್‌ನ ಒಣ ಪದರ, ತೇವದ ಪದರ ಹೋಲಿಸುವಾಗ ಈ ತಪ್ಪು ಎರಡೂ ಕಡೆ ಸಮ, ತೊಂದರೆ ಇಲ್ಲ. ಬೇರೆಯವರ ಜೌಗಿನ ಜೊತೆ ಹೋಲಿಸುವಾಗ ಇಲ್ಲದ ವ್ಯತ್ಯಾಸ ಹುಟ್ಟಿಕೊಳ್ಳುತ್ತದೆ. ತಯಾರಿಸಿದವರಿಗೆ ಬರೆದೆವು. ಒಳಗಿನ ಅಳತೆ ಬೇರೆ, ಹೊರಗಿನ ಅಳತೆ ಬೇರೆ ಅಂತ ಉತ್ತರ ಬಂತು. ಇಂಗಾಲ ಇರುವುದು ಒಳಗೆ. ಪೆಟ್ಟಿಗೆಯ ಮೇಲೆ ಆ ಅಳತೆಯನ್ನೇ ಬರೆಯಬೇಕಿತ್ತು. ಈಗಿನ ಕೋರರ್ ಬೇರೆಯವರದು. ಬಂದ ದಿನವೇ ಅಳೆದೆವು, 5.0 ಇತ್ತು.

ಇಷ್ಟು ನಿಖರವಾಗಿ ಇರಬೇಕಾ ಅಂತ ಕೇಳುವವರಿದ್ದಾರೆ. ಇರಬೇಕು. ಒಂದು ಜೌಗಿನ ಕಥೆಯನ್ನು ಇನ್ನೊಂದರ ಪಕ್ಕ ಇಟ್ಟಾಗಲೇ ಹವಾಮಾನ ಏನು ಮಾಡಿತು ಅಂತ ಕಾಣುವುದು. ಟಿಬೆಟ್ ಪ್ರಸ್ಥಭೂಮಿಯ ಪೂರ್ವ ಅಂಚಿನಲ್ಲಿ, ಸುಮಾರು 3,400 ಮೀಟರ್ ಎತ್ತರದಲ್ಲಿ ಜೋಯ್ಗೆ ಅನ್ನುವ ಜಾಗ ಇದೆ. ಎತ್ತರದ ಪೀಟ್ ಜೌಗುಗಳಲ್ಲಿ ಬಹಳ ದೊಡ್ಡದು. ಹಿಮಯುಗ ಮುಗಿದು, ಸುಮಾರು 11,700 ವರ್ಷಗಳ ಹಿಂದೆ ಹೊಲೊಸೀನ್ ಅನ್ನುವ ಈಗಿನ ಕಾಲಘಟ್ಟ ಶುರುವಾಯಿತು. ಆಗ ಉತ್ತರ ಗೋಳಾರ್ಧದ ಬೇಸಿಗೆಗೆ ಈಗಿಗಿಂತ ಜಾಸ್ತಿ ಬಿಸಿಲು ಬೀಳುತ್ತಿತ್ತು. ಮುಂಗಾರು ಬಲವಾಯಿತು. ಬೆಚ್ಚಗೂ ಇತ್ತು, ನೀರೂ ಇತ್ತು. ಜೋಯ್ಗೆಯ ಪೀಟ್ ವೇಗವಾಗಿ ಇಂಗಾಲ ಕೂಡಿಟ್ಟದ್ದು ಆ ಮೊದಲ ಕೆಲವು ಸಾವಿರ ವರ್ಷಗಳಲ್ಲಿ. ಮುಂದೆ ಮುಂಗಾರು ಸೊರಗಿತು, ಚಳಿ ಹೆಚ್ಚಿತು, ಜಮಾ ಆಗುವ ವೇಗ ಇಳಿಯಿತು.

ಮಧ್ಯ ಚೀನಾದ ಶೆನ್ನೊಂಗ್‌ಜಿಯಾ ಬೆಟ್ಟಗಳಲ್ಲಿ, ಸುಮಾರು 1,700 ಮೀಟರ್ ಎತ್ತರದಲ್ಲಿ ದಾಜಿಯುಹು ಇದೆ. ಅಲ್ಲಿನ ಪೀಟ್ ಹೇಳುವ ಒಣ, ತೇವದ ಕಥೆಯನ್ನು ಹೆಶಾಂಗ್ ಗುಹೆಯ ನೀರು ಹನಿಹನಿಯಾಗಿ ಬಿದ್ದು ಬೆಳೆದ ಸುಣ್ಣದ ಕಂಬಗಳ ದಾಖಲೆಯ ಜೊತೆ ಇಟ್ಟು ನೋಡಿದ್ದಾರೆ. ಎರಡೂ ತಾಳೆಯಾಗುತ್ತವೆ. ಮೊದಲ ಸಲ ಆ ಎರಡು ಗೆರೆಗಳನ್ನು ಒಂದರ ಕೆಳಗೊಂದು ನೋಡಿದಾಗ ನಾನು ತುಂಬ ಹೊತ್ತು ಹಾಗೇ ಕೂತಿದ್ದೆ. ಕಲ್ಲು ಒಂದು ಕಡೆ, ಕೊಳೆತ ಪಾಚಿ ಇನ್ನೊಂದು ಕಡೆ. ಎರಡೂ ಒಂದೇ ಮಳೆಯ ಮಾತು ಹೇಳುತ್ತಿವೆ.

ನೀಲಗಿರಿಯ ಪೀಟ್ ಇನ್ನೂ ಹಿಂದಕ್ಕೆ ಹೋಗುತ್ತದೆ. 2,000 ಮೀಟರಿಗಿಂತ ಎತ್ತರದ ಆ ತಗ್ಗುಗಳಿಂದ ಆರ್. ಸುಕುಮಾರ್ ಮತ್ತು ಸಂಗಡಿಗರು 1993ರಲ್ಲಿ 20,000 ವರ್ಷಗಳ ದಾಖಲೆ ಪ್ರಕಟಿಸಿದರು. ಮುಂದೆ ಅದು 40,000 ವರ್ಷಕ್ಕೆ ಬೆಳೆಯಿತು. ಅವರು ನೋಡಿದ್ದು ತೂಕದಲ್ಲಿ ಬೇರೆಯಾದ ಇಂಗಾಲದ ಎರಡು ರೂಪಗಳ, ಅಂದರೆ ಐಸೊಟೋಪ್‌ಗಳ ಅನುಪಾತ. ಒಣ ಕಾಲಕ್ಕೆ ಒಗ್ಗುವ ಹುಲ್ಲುಗಳದ್ದು ಒಂದು ಬಗೆ, ತೇವ ಬಯಸುವ ಗಿಡಮರಗಳದ್ದು ಇನ್ನೊಂದು ಬಗೆ. ಹಿಮಯುಗದ ಕಡು ಚಳಿಯ ಕಾಲದಲ್ಲಿ ಒಣ ಹುಲ್ಲಿನ ಗುರುತು, ಆಮೇಲೆ ಮುಂಗಾರು ಬಲವಾದಾಗ ತೇವದ ಗುರುತು ಅಲ್ಲಿನ ಪೀಟಿನಲ್ಲಿ ಇದೆ. ಭೂಮಿಯ ಉತ್ತರದ ಚಳಿ ನಾಡುಗಳ ಎಷ್ಟೋ ಜೌಗುಗಳು ಆಗ ಹುಟ್ಟೇ ಇರಲಿಲ್ಲ. ಆ ನೆಲ ಮಂಜುಗಡ್ಡೆಯ ಅಡಿಯಲ್ಲಿತ್ತು.

ಇವೆಲ್ಲ ನೋಡಿದ ಮೇಲೆ ನನಗೆ ಒಂದು ವಿಷಯ ಖಚಿತವಾಗಿದೆ. ಬಿಸಿಲು ಹೆಚ್ಚಾದರೆ ಪೀಟಿಗೆ ಒಳ್ಳೆಯದಾ ಕೆಟ್ಟದ್ದಾ ಅಂತ ಒಂದೇ ಮಾತಿನಲ್ಲಿ ಕೇಳುವುದೇ ತಪ್ಪು. ಚಳಿ ಬೆಟ್ಟದಲ್ಲಿ ಗಿಡ ಬೆಳೆಯುವ ದಿನಗಳು ಕಡಿಮೆ. ನೀರು ತುಂಬಿರುವಾಗ ಸ್ವಲ್ಪ ಬೆಚ್ಚಗಾದರೆ ಗಿಡ ಜಾಸ್ತಿ ಬೆಳೆದು ಇಂಗಾಲ ಜಮಾ ಆಗುತ್ತದೆ. ನೀರಿಲ್ಲದೆ ಬೆಚ್ಚಗಾದರೆ ಕೊಳೆಯುವುದು ಜಾಸ್ತಿ, ಇದ್ದದ್ದೂ ಹೋಗುತ್ತದೆ. ನೀರು ಯಾಕೆ ಅಷ್ಟು ಮುಖ್ಯ ಅನ್ನುವುದಕ್ಕೆ ವಿಜ್ಞಾನಿ ಕ್ರಿಸ್ ಫ್ರೀಮನ್ ತಂಡ 2001ರಲ್ಲಿ ಒಂದು ಒಳ್ಳೆಯ ವಿವರಣೆ ಕೊಟ್ಟಿತು. ಪೀಟಿನಲ್ಲಿ ಫಿನಾಲ್ ಜಾತಿಯ ವಸ್ತುಗಳು ತುಂಬಿರುತ್ತವೆ. ಕೊಳೆಸುವ ಕಿಣ್ವಗಳ ಕೈ ಕಟ್ಟಿಹಾಕುವುದು ಅವೇ. ಆ ಫಿನಾಲ್‌ಗಳನ್ನು ಒಡೆಯುವ ಕಿಣ್ವಕ್ಕೆ ಆಮ್ಲಜನಕ ಬೇಕು. ನೀರಿದ್ದಷ್ಟು ದಿನ ಆಮ್ಲಜನಕ ಇಲ್ಲ, ಚಿಲಕ ಹಾಕಿದ ಹಾಗೆ. ನೀರಿಳಿದರೆ ಚಿಲಕ ತೆಗೆದಂತೆ. ಜೋಯ್ಗೆಯಲ್ಲಿ 1960, 70ರ ದಶಕಗಳಲ್ಲಿ ಮೇವಿನ ನೆಲಕ್ಕಾಗಿ ಕಾಲುವೆ ತೋಡಿ ನೀರು ಹರಿಯಬಿಟ್ಟರು. ಬರ ಬಂದು ಆಗುವುದನ್ನು ಗುದ್ದಲಿ ಹಿಡಿದು ಮಾಡಿದಂತಾಯಿತು. ಈಗ ಅದೇ ಕಾಲುವೆಗಳಿಗೆ ಅಡ್ಡಗಟ್ಟೆ ಹಾಕಿ ನೀರು ನಿಲ್ಲಿಸುತ್ತಿದ್ದಾರೆ. ಇದು ಓದಿದಾಗ ನನಗೆ ನಿಜಕ್ಕೂ ಸಮಾಧಾನವಾಯಿತು.

ಇನ್ನು ಕೋರರ್‌ನ ಕೊರತೆಗಳು. ದೊಡ್ಡ ಕೊರತೆ ಮೇಲಿನ ಅರ್ಧ ಮೀಟರ್. ಅಲ್ಲಿ ಬೇರು, ನಾರು ಜಾಸ್ತಿ, ಪೀಟ್ ಸ್ಪಂಜಿನ ಹಾಗೆ ಮೆತ್ತಗೆ. ಅಂಚು ಕತ್ತರಿಸುವ ಬದಲು ಎಳೆಯುತ್ತದೆ, ತುಂಡು ಹರಿದು ಅದುಮಿ ಬರುತ್ತದೆ. ಆ ಭಾಗಕ್ಕೆ ನಾವು ಗರಗಸದ ಹಲ್ಲಿನ ಚಾಕುವಿನಿಂದ ಚೌಕವಾಗಿ ಕೊಯ್ದು ಪೆಟ್ಟಿಗೆಯಲ್ಲಿ ತೆಗೆಯುತ್ತೇವೆ. ಅದನ್ನು ಅಸಡ್ಡೆ ಮಾಡಬೇಡಿ. ಕೊನೆಯ ಕೆಲವು ನೂರು ವರ್ಷದ ಕಥೆ ಇರುವುದು ಅಲ್ಲಿ. ಹಾಗೆಯೇ ಅಲ್ಲಿ ಸಿಗುವ ದೊಡ್ಡ ಅಂಕಿ ನೋಡಿ, ಈಗ ಇಂಗಾಲ ಹಿಂದೆಂದಿಗಿಂತ ಜೋರಾಗಿ ಸೇರುತ್ತಿದೆ ಅಂತ ಬರೆಯಲೂ ಬೇಡಿ. ಆ ಪದರ ಇನ್ನೂ ಕೊಳೆತು ಮುಗಿದಿಲ್ಲ. ಉತ್ತರದ ಪೀಟ್ ಜೌಗುಗಳ ಹೊಲೊಸೀನ್ ಸರಾಸರಿ ಚದರ ಮೀಟರಿಗೆ ವರ್ಷಕ್ಕೆ ಸುಮಾರು 23 ಗ್ರಾಂ. ಅದು ಸಾವಿರಾರು ವರ್ಷ ಕೊಳೆತು ಉಳಿದದ್ದರ ಲೆಕ್ಕ. ಮೇಲಿನ ಹಸಿ ಪದರವನ್ನು ಅದರ ಪಕ್ಕ ಇಟ್ಟರೆ ತಪ್ಪಾಗುತ್ತದೆ.

ಎರಡನೆಯದು ಮೂತಿ. ಒತ್ತುವಾಗ ಅದು ಮುಂದಿನ 10 ಸೆಂ.ಮೀ. ಪೀಟನ್ನು ಕದಡಿಬಿಡುತ್ತದೆ. ಹಾಗಾಗಿ ಒಂದೇ ರಂಧ್ರದಲ್ಲಿ ಇಳಿಯುತ್ತಾ ಹೋಗಬಾರದು. ಒಂದು ಮಾರು ದೂರದಲ್ಲಿ ಎರಡು ರಂಧ್ರ ಮಾಡಿ, ಒಮ್ಮೆ ಇದರಲ್ಲಿ ಒಮ್ಮೆ ಅದರಲ್ಲಿ, ತುಂಡುಗಳ ಆಳ ಸ್ವಲ್ಪ ಒಂದರ ಮೇಲೊಂದು ಬರುವಂತೆ ತೆಗೆಯಬೇಕು. ಕೆಲಸ ದುಪ್ಪಟ್ಟು ಅನ್ನಿಸುತ್ತದೆ. ಆದರೆ ಕಪ್ಪು ಪಟ್ಟಿ ಎರಡು ರಂಧ್ರದಲ್ಲೂ ಒಂದೇ ಆಳದಲ್ಲಿ ಸಿಕ್ಕಿದಾಗ ಬರುವ ಧೈರ್ಯವೇ ಬೇರೆ.

ಅರೆಕೊಳವೆಯಾದ್ದರಿಂದ ಸಿಗುವ ಪೀಟೂ ಕಡಿಮೆ. ವಯಸ್ಸು ತಿಳಿಯಲು ಚಿಮುಟ ಹಿಡಿದು ಪಾಚಿಯ ಕಾಂಡ, ಎಲೆ, ಬೀಜ ಆರಿಸಬೇಕು. ಬೇರು ಆಗುವುದಿಲ್ಲ. ಬೇರು ಮೇಲಿನಿಂದ ಇಳಿದಿರುತ್ತದೆ, ಪದರಕ್ಕಿಂತ ಚಿಕ್ಕ ವಯಸ್ಸು ತೋರಿಸುತ್ತದೆ. ಕಪ್ಪು ಪಟ್ಟಿಯಲ್ಲಿ ಎಲ್ಲ ಕೊಳೆತಿರುವುದರಿಂದ ಆರಿಸಲು ಏನೂ ಸಿಗದೆ ಇಡೀ ಮಧ್ಯಾಹ್ನ ಸೂಕ್ಷ್ಮದರ್ಶಕದ ಮುಂದೆ ಕೂತದ್ದಿದೆ.

ಭಾರದ ಬಗ್ಗೆ ಹೇಳಲೇಬೇಕು. ಆರು ರಾಡು, ಹಿಡಿ, ಅರೆಕೊಳವೆ ಸೇರಿದರೆ ಒಬ್ಬರ ಹೊರೆ ಅಲ್ಲ. ಅಡಿಯಲ್ಲಿ ಕಲ್ಲು ಸಿಕ್ಕಿದರೆ ಅಂಚು ಮುಕ್ಕಾಗುತ್ತದೆ. ಅರ ಇಟ್ಟುಕೊಳ್ಳಿ, ಸಂಜೆ ಕೂತು ಉಜ್ಜಿದರೆ ಸರಿಹೋಗುತ್ತದೆ. ರಾಡು ಸೇರಿಸುವ ಪಿನ್ನುಗಳು ಒಂದು ಸಲ ಜೌಗಿನಲ್ಲಿ ಬಿದ್ದರೆ ಮತ್ತೆ ಸಿಗುವುದಿಲ್ಲ, ಪ್ರತಿಯೊಂದಕ್ಕೂ ಬಣ್ಣದ ದಾರ ಕಟ್ಟಿ.

ತುಂಡು ಹೊರಗೆ ತೆಗೆದ ಕೂಡಲೇ, ಕ್ಲಿಂಗ್ ಫಿಲ್ಮ್ ಸುತ್ತುವ ಮುಂಚೆ, ಪೈಪಿನ ಎರಡೂ ತುದಿಗೆ ಆಳ ಬರೆಯಿರಿ. ಮೇಲಿನ ತುದಿಗೆ "ಮೇಲೆ" ಅಂತಲೂ ಬರೆಯಿರಿ. ಜಿಟಿಜಿಟಿ ಮಳೆಯ ಒಂದು ದಿನ ನಾನು ಐದನೇ ತುಂಡಿಗೆ ಬರೆಯುವುದನ್ನು ಮರೆತೆ. ಶೀತಪೆಟ್ಟಿಗೆಯಿಂದ ತೆಗೆದಾಗ ಅದರ ತೆಳು ಕಪ್ಪು ಗೆರೆ ಮೇಲಿನ ತುದಿಯಲ್ಲಿದ್ದದ್ದಾ ಕೆಳಗಿನದರಲ್ಲಿದ್ದದ್ದಾ ಅಂತ ಯಾರಿಗೂ ಹೇಳಲಾಗಲಿಲ್ಲ. ಪಕ್ಕದ ರಂಧ್ರದ ತುಂಡು ತಂದು ಜೋಡಿಸಿ ನೋಡಿದ ಮೇಲೆ ಗೆರೆ ಕೆಳಗಿನದು ಅಂತ ಗೊತ್ತಾಯಿತು. ಅವತ್ತಿನಿಂದ ಮಾರ್ಕರ್ ನನ್ನ ಕುತ್ತಿಗೆಯಲ್ಲೇ ತೂಗುತ್ತಿರುತ್ತದೆ.